ಧೂಳಿನ ಬಟ್ಟಲಿನ ನಿಜವಾದ ಕೆಲಸ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೋಡೆ ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ ಆಗಿರುತ್ತದೆ. ತಲೆಯ ಮೇಲಿನ ಫಾಲ್ಸ್ ಸೀಲಿಂಗ್ ಮಾತ್ರ ಬಹಳ ಕಡೆ ಜಿಪ್ಸಮ್ ಬೋರ್ಡಿನದು. ಅಮೆರಿಕದಲ್ಲಿ ಇಡೀ ಮನೆಯ ಒಳಗೋಡೆಗಳನ್ನೇ ಕಟ್ಟಿಕೊಡುವ ಈ ಹಲಗೆ ನಮ್ಮಲ್ಲಿ ಮುಖ್ಯವಾಗಿ ಸೀಲಿಂಗಿಗೂ ಆಫೀಸಿನ ಪಾರ್ಟಿಷನ್ನಿಗೂ ಬಳಕೆಯಾಗುತ್ತದೆ. ಹಾಗಾಗಿ ಬೋರ್ಡಿನಲ್ಲಿ ದುಂಡನೆಯ ತೂತು ಕೊರೆಯುವುದೆಂದರೆ ಇಲ್ಲಿ ಹೆಚ್ಚುಕಡಿಮೆ ಎಲ್ಇಡಿ ಡೌನ್‌ಲೈಟ್ ಕೂರಿಸುವ ಕೆಲಸ: ಏಣಿ ಹತ್ತಿ, ಕತ್ತೆತ್ತಿ, ಕಣ್ಣಿಗೆ ಬೀಳುವ ಪುಡಿಯ ಕೆಳಗೆ ನಿಂತು ಮಾಡಬೇಕಾದದ್ದು. ಧೂಳು ಹಿಡಿಯುವ ಬಟ್ಟಲಿರುವ ಹೊಂದಾಣಿಕೆಯ ಹೋಲ್ ಕಟ್ಟರ್ ಈ ಕಷ್ಟಕ್ಕೆ ಉತ್ತರವೆಂದೇ ಮಾರಾಟವಾಗುತ್ತಿದೆ. ಕೊಂಡವರು ಅದನ್ನು ಅಳೆಯುವುದೂ ಅದೇ ಮಾತಿನಿಂದ: ನೆಲ ಎಷ್ಟು ಚೊಕ್ಕಟವಾಗಿ ಉಳಿಯಿತು? ಈ ಅಳತೆಗೋಲೇ ತಪ್ಪೆಂದು ನನ್ನ ವಾದ. ಬಟ್ಟಲಿನ ದೊಡ್ಡ ಉಪಕಾರ ಇರುವುದು ರಂಧ್ರದ ಗುಣಮಟ್ಟದಲ್ಲಿ. ಧೂಳಿನ ವಿಷಯದಲ್ಲಿ ಅದು ಕೊಡುವ ಭರವಸೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಕಿರಿದು.

ಉಪಕರಣದ ರಚನೆ ಸರಳ. ನಡುವೆ ಒಂದು ಡ್ರಿಲ್ ಬಿಟ್, ಅದಕ್ಕೆ ಅಡ್ಡಲಾಗಿ ಅಳತೆಯ ಗೆರೆಗಳಿರುವ ಪಟ್ಟಿ, ಪಟ್ಟಿಯ ಎರಡು ತುದಿಗೆ ಸರಿಸಿ ಬಿಗಿಯಬಹುದಾದ ಎರಡು ಅಲಗು. ಇವನ್ನೆಲ್ಲ ಒಳಗಿಟ್ಟುಕೊಂಡು ಮೇಲ್ಮುಖವಾಗಿ ನಿಲ್ಲುವ ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲು. ಬಿಟ್ ಮೊದಲು ಬೋರ್ಡನ್ನು ಹೊಕ್ಕು ಕೇಂದ್ರವನ್ನು ಹಿಡಿಯುತ್ತದೆ, ಅಲಗುಗಳು ಅದರ ಸುತ್ತ ತಿರುಗಿ ಸೀಳು ಕೊರೆಯುತ್ತವೆ, ಬಟ್ಟಲಿನ ಅಂಚು ತಿರುಗದೆ ಸೀಲಿಂಗಿಗೆ ಒತ್ತಿಕೊಂಡಿರುತ್ತದೆ. ದೀಪದ ಕಟ್‌ಔಟ್ ಅಳತೆ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಒಂದೊಂದು ವ್ಯಾಸಕ್ಕೂ ಒಂದೊಂದು ಹೋಲ್ ಸಾ ಹೊತ್ತು ತಿರುಗುವುದಕ್ಕಿಂತ ಒಂದೇ ಕಟ್ಟರನ್ನು ಹೊಂದಿಸಿಕೊಳ್ಳುವುದು ಲಾಭ. ಆದರೆ ಹೊಂದಿಸಬಹುದಾದ ಪ್ರತಿಯೊಂದು ಸಾಧನದಲ್ಲೂ ಹೊಂದಾಣಿಕೆ ತಪ್ಪುವ ಸಾಧ್ಯತೆ ಇದ್ದೇ ಇರುತ್ತದೆ. ಬಟ್ಟಲು ನಿಜವಾಗಿ ನೆರವಿಗೆ ಬರುವುದು ಆ ಹೊತ್ತಿನಲ್ಲಿ.

ಒಂದು ಲೆಕ್ಕ ನೋಡೋಣ. ಬೋರ್ಡು 12.5 ಮಿ.ಮೀ. ದಪ್ಪ, ರಂಧ್ರ 150 ಮಿ.ಮೀ. ವ್ಯಾಸ, ಅಲಗು ಕೊರೆಯುವ ಸೀಳು 3 ಮಿ.ಮೀ. ಅಗಲ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ ಸುಮಾರು 8 ಕಿಲೋ ತೂಗುವ ಬೋರ್ಡಿನಲ್ಲಿ ಈ ಸೀಳಿನಿಂದ ಪುಡಿಯಾಗುವುದು ಸುಮಾರು 11 ಗ್ರಾಂ. ಈಗ ಒಂದು ಅಲಗಿನ ತಿರುಪು ಸಡಿಲಾಗಿ ಅದು 2 ಮಿ.ಮೀ. ಹೊರಗೆ ಜಾರಿತು. ಎರಡು ಅಲಗೂ ಒಂದೇ ಹಾದಿಯಲ್ಲಿ ಓಡುವುದು ನಿಂತು, ಒಂದು ಒಳಗೆ, ಒಂದು ಹೊರಗೆ ಕೆರೆಯತೊಡಗುತ್ತವೆ. ಸೀಳಿನ ಅಗಲ 5 ಮಿ.ಮೀ. ಆಗುತ್ತದೆ, ಪುಡಿ 18 ಗ್ರಾಂ ದಾಟುತ್ತದೆ, ರಂಧ್ರ 154 ಮಿ.ಮೀ.ಗೆ ಹಿಗ್ಗುತ್ತದೆ, ಭಾರ ಎರಡೂ ಕಡೆ ಸಮವಾಗಿ ಹಂಚಿಹೋಗದೆ ಡ್ರಿಲ್ ಮೆಷಿನ್ ಕೈಯಲ್ಲಿ ನಡುಗುತ್ತದೆ. ಅಂದರೆ ಅತಿಯಾದ ಧೂಳೂ ಕೆಟ್ಟ ರಂಧ್ರವೂ ಒಂದೇ ತಪ್ಪಿನ ಫಲ. ಜಬ್ ಸಾದಿಂದ, ಎಂದರೆ ಕೈಗರಗಸದಿಂದ, ಕೊಯ್ಯುವಾಗ ಈ ಸಾಕ್ಷ್ಯವೆಲ್ಲ ಉದುರಿ ಚದುರಿಹೋಗುತ್ತದೆ. ಬಟ್ಟಲು ಅದನ್ನು ಒಂದೆಡೆ ಕೂಡಿಟ್ಟು ತೋರಿಸುತ್ತದೆ. ಒಂದೇ ಅಳತೆಯ ರಂಧ್ರಗಳ ನಡುವೆ ಪುಡಿ ಇದ್ದಕ್ಕಿದ್ದಂತೆ ಹೆಚ್ಚಿದರೆ ತಿರುಪು ಪರೀಕ್ಷಿಸಬೇಕೆಂದು ಅರ್ಥ.

ಬಟ್ಟಲಿನ ಅಂಚು ಹೇಳುವುದು ಇದಕ್ಕಿಂತ ಹೆಚ್ಚು. ತಲೆಯ ಮೇಲೆ ಡ್ರಿಲ್ ಹಿಡಿದವರ ಕೈ ತುಸು ವಾಲುವುದು ಸಹಜ. ವಾಲಿದರೆ ಒಂದು ಕಡೆಯ ಅಲಗು ಮೊದಲೇ ಬೋರ್ಡನ್ನು ದಾಟುತ್ತದೆ, ಇನ್ನೊಂದು ಕಡೆ ಕಾಗದ ಹರಿದು ಅಂಚು ಚಕ್ಕೆಯೇಳುತ್ತದೆ. ಜಿಪ್ಸಮ್ಮಿನ ತಿರುಳು ತಾನಾಗಿ ಬಲು ಪೆಡಸು. ಬೋರ್ಡಿಗೆ ಬಾಗುವಿಕೆಯನ್ನು ತಡೆಯುವ ಶಕ್ತಿ ಬರುವುದು ಎರಡು ಬದಿಯ ಕಾಗದದಿಂದ. ಡೌನ್‌ಲೈಟಿನ ಸ್ಪ್ರಿಂಗ್ ಕ್ಲಿಪ್ಪುಗಳು ಒತ್ತಿ ನಿಲ್ಲುವುದು ಇದೇ ಅಂಚಿನ ಮೇಲೆ. ಬಟ್ಟಲಿನ ಅಂಚು ಸುತ್ತಲೂ ಸೀಲಿಂಗಿಗೆ ಕೂತಿದ್ದರೆ ಕಟ್ಟರ್ ನೇರವಾಗಿದೆ ಎಂದು ಲೆಕ್ಕ. ಎಲ್ಲೋ ಒಂದು ಕಡೆಯಿಂದ ಪುಡಿ ಉದುರತೊಡಗಿದರೆ ಅದು ವಾಲಿದೆ ಎಂದು ಲೆಕ್ಕ. ಅನೇಕ ಮಾದರಿಗಳಲ್ಲಿ ಅಲಗುಗಳು ಬೋರ್ಡಿನಾಚೆ ಎಷ್ಟು ನುಗ್ಗಬಹುದೆಂಬ ಮಿತಿಯನ್ನೂ ಬಟ್ಟಲೇ ಹಾಕುತ್ತದೆ. ಸೀಲಿಂಗಿನ ಹಿಂದೆ ವೈರಿನ ಪೈಪು, ಎಸಿಯ ತಾಮ್ರದ ಕೊಳವೆ ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಆದರೂ ನಡುವಿನ ಬಿಟ್ ಅಲಗಿಗಿಂತ ಮುಂದೆ ಚಾಚಿರುತ್ತದೆ, ಲೋಹದ ಚಾನಲ್ ಸಿಕ್ಕರೆ ಅಲಗು ಮುರಿಯುತ್ತದೆ. ಬೋರ್ಡಿನ ಸ್ಕ್ರೂಗಳನ್ನು ಆಯಸ್ಕಾಂತದಿಂದ ಹುಡುಕಿ ಚಾನಲ್ಲಿನ ಸಾಲು ಗುರುತಿಸುವ, ಮೇನ್ ಆಫ್ ಮಾಡುವ ಕೆಲಸವನ್ನು ಯಾವ ಬಟ್ಟಲೂ ವಹಿಸಿಕೊಳ್ಳುವುದಿಲ್ಲ.

ಇನ್ನು ಆರೋಗ್ಯದ ಮಾತು. ಬಟ್ಟಲಿನ ಬಗ್ಗೆ ಅತಿಯಾಗಿ ಹೇಳುವವರು ಎಡವುವುದು ಇಲ್ಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1999ರಲ್ಲಿ ಪ್ರಕಟಿಸಿದ ಎಚ್ಚರಿಕೆಯ ಪ್ರಕಾರ, ಡ್ರೈವಾಲಿನ, ಎಂದರೆ ಜಿಪ್ಸಮ್ ಬೋರ್ಡಿನ, ಸಂದುಗಳ ಪುಟ್ಟಿ ಉಜ್ಜುವ ಕೆಲಸಗಾರರು ಅಲ್ಲಿನ ಕಾನೂನಿನ ಮಿತಿಯಾದ ಘನ ಮೀಟರಿಗೆ 15 ಮಿಲಿಗ್ರಾಂ ಒಟ್ಟು ಧೂಳಿನ ಹತ್ತು ಪಟ್ಟಿನವರೆಗೂ ಉಸಿರಾಡುತ್ತಿದ್ದರು. ವ್ಯಾಕ್ಯೂಮ್ ಜೋಡಿಸಿದ ಉಜ್ಜುವ ಸಾಧನಗಳು ಧೂಳನ್ನು ಶೇ. 80ರಿಂದ 97ರಷ್ಟು ಇಳಿಸಿದವು. ತೂತು ಕೊರೆಯುವುದು ಗಂಟೆಗಟ್ಟಲೆ ಪುಟ್ಟಿ ಉಜ್ಜಿದಂತಲ್ಲ, ಆ ಅಂಕಿಗಳನ್ನು ನೇರವಾಗಿ ಇಲ್ಲಿಗೆ ತರಲಾಗದು. ಆದರೆ ಪಾಠ ಒಂದಿದೆ: ಅಲ್ಲಿ ಕೆಲಸ ಮಾಡಿದ್ದು ಗಾಳಿಯ ಸೆಳೆತ. ಹೀರುಕೊಳವೆಯಿಲ್ಲದ ಬಟ್ಟಲಿಗೆ ಆಸರೆ ಗುರುತ್ವ ಒಂದೇ. ದಪ್ಪ ಪುಡಿಯೂ ಕೊರೆದ ಬಿಲ್ಲೆಯೂ ಅದರೊಳಗೆ ಬೀಳುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ನವಿರು ಧೂಳು ಗಾಳಿಯಲ್ಲೇ ತೇಲುತ್ತಿದ್ದು, ಬಟ್ಟಲನ್ನು ಕೆಳಗಿಳಿಸಿದೊಡನೆ, ಸುರಿದೊಡನೆ ಹೊರಬರುತ್ತದೆ. ಅಲಗು ಪೂರ್ತಿ ನಿಲ್ಲುವವರೆಗೆ ಬಟ್ಟಲನ್ನು ಸರಿಸದಿರುವುದು, ಚೀಲದೊಳಗೆ ಮೆಲ್ಲಗೆ ಸುರಿಯುವುದು, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇವೆಲ್ಲ ಬೇಕೇ ಬೇಕು. ಹಳೆಯ ಕಟ್ಟಡದ ವಿಷಯ ಇನ್ನೂ ಗಂಭೀರ. ಸಂದು ತುಂಬುವ ಪುಟ್ಟಿಯಲ್ಲಿ ಕಲ್ನಾರು ಬೆರೆಸುವುದನ್ನು ಅಮೆರಿಕ ನಿಷೇಧಿಸಿದ್ದು 1977ರಲ್ಲಿ. ಅದಕ್ಕೂ ಹಿಂದಿನ ಅಲ್ಲಿನ ಮನೆಗಳಲ್ಲಿ ಪರೀಕ್ಷೆ ಮಾಡಿಸದೆ ಕೊರೆಯುವವರಿಗೆ ಈ ಬಟ್ಟಲು ಯಾವ ರಕ್ಷಣೆಯೂ ಅಲ್ಲ.

ಇಷ್ಟಾದ ಮೇಲೆ ಕೆಲವು ಆಕ್ಷೇಪಗಳು ಸಹಜ. ಜಬ್ ಸಾ ಅಗ್ಗ, ಕರೆಂಟು ಬೇಡ, ಗೋಡೆಗೆ ಅಂಟಿದ ಮೂಲೆಯಲ್ಲೂ ಓಡುತ್ತದೆ ಎನ್ನುವವರಿದ್ದಾರೆ. ನಿಜ. ನಾಲ್ಕಾರು ರಂಧ್ರಗಳ ಕೆಲಸಕ್ಕೆ, ಬಟ್ಟಲು ಹಿಡಿಯದ ಇಕ್ಕಟ್ಟಿಗೆ ಅದೇ ಸರಿ. ದೀಪದ ಹೊರಬಳೆ ಅಂಚಿನ ಓರೆಕೋರೆ ಮುಚ್ಚುತ್ತದಲ್ಲ ಎಂಬ ಸಮಾಧಾನವೂ ಕೇಳಿಬರುತ್ತದೆ. ಬಳೆ ಮುಚ್ಚುವುದು ಸುತ್ತಲೂ ಕೆಲವೇ ಮಿಲಿಮೀಟರ್. ಹಾಲಿನಲ್ಲಿ ಸಾಲಾಗಿ ಕೂರುವ ದೀಪಗಳಲ್ಲಿ ಒಂದು ಅತ್ತಿತ್ತ ಸರಿದರೆ ಸಾಲೇ ಸೊಟ್ಟಗೆ ಕಾಣುತ್ತದೆ. ಕಟ್ಟರಿನ ನಡುಬಿಟ್ ಈ ತಪ್ಪನ್ನು ತಡೆಯುತ್ತದೆ. ಒಂದೇ ಅಳತೆಯ ಗಟ್ಟಿ ಹೋಲ್ ಸಾ ಇನ್ನೂ ನಿಖರ ಎಂಬ ಮಾತು ಒಪ್ಪತಕ್ಕದ್ದೇ, ಎಲ್ಲ ದೀಪವೂ ಒಂದೇ ಅಳತೆಯದಾಗಿದ್ದರೆ. ಬಟ್ಟಲು ನೋಟಕ್ಕೆ ಅಡ್ಡ ಎಂಬ ದೂರಿನಲ್ಲೂ ಸತ್ಯವಿದೆ; ಒಂದೆರಡು ರಂಧ್ರವಾಗುತ್ತಲೇ ಪಾರದರ್ಶಕ ಪ್ಲಾಸ್ಟಿಕ್ ಬಿಳಿಯ ಪುಡಿಯಿಂದ ಮಬ್ಬಾಗುತ್ತದೆ. ಆದರೆ ಕೇಂದ್ರದ ಗುರುತಿಗೆ ಬಿಟ್ ಇಟ್ಟ ಮೇಲೆ ಅಲಗನ್ನು ನೋಡುತ್ತ ಕೂರುವ ಅಗತ್ಯವಿಲ್ಲ. ನೋಡಬೇಕಾದದ್ದು ಬಟ್ಟಲಿನ ಅಂಚನ್ನು, ಅದು ಹೊರಗೇ ಇದೆ.

ಹಾಗಾದರೆ ಕೊಳ್ಳುವಾಗ ಬಟ್ಟಲಿನ ಗಾತ್ರಕ್ಕಿಂತ ಮೊದಲು ನೋಡಬೇಕಾದದ್ದು ಅಲಗಿನ ತಿರುಪು ಎಷ್ಟು ಬಿಗಿಯಾಗಿ ನಿಲ್ಲುತ್ತದೆ, ಅಳತೆಯ ಗೆರೆ ಸುಲಭವಾಗಿ ಓದಲು ಬರುತ್ತದೆಯೇ, ಬಟ್ಟಲಿನ ಅಂಚು ಸಮತಟ್ಟಾಗಿ ಕೂರುತ್ತದೆಯೇ ಎಂಬುದನ್ನು. ಬಳಸುವಾಗ ಡ್ರಿಲ್ಲಿನ ಹ್ಯಾಮರ್ ಆಫ್, ವೇಗ ಕಡಿಮೆ, ಸೀಲಿಂಗಿಗೆ ಕೈಹಾಕುವ ಮುಂಚೆ ಬೋರ್ಡಿನ ತುಂಡಿನ ಮೇಲೆ ಒಂದು ಪ್ರಯೋಗ. ದಿನವಿಡೀ ಕೊರೆಯುವ ಎಲೆಕ್ಟ್ರಿಷಿಯನ್‌ಗೆ ನವಿರು ಪುಡಿ ಸೋಸುವ ಫಿಲ್ಟರಿನ ವ್ಯಾಕ್ಯೂಮಿಗೆ ಕೊಳವೆ ಸೇರಿಸುವ ಮಾದರಿಯೇ ಯೋಗ್ಯ. ಇಂಥ ಸಾಧನಗಳು ಹರಡಲು ಅಡ್ಡಿ ಬೆಲೆಯೊಂದೇ ಅಲ್ಲ, ಖರ್ಚಿನ ಹಂಚಿಕೆಯೂ ಹೌದು: ದುಡ್ಡು ಕೊಡಬೇಕಾದವನು ಕಂಟ್ರಾಕ್ಟರು, ಗುಡಿಸುವವರು ಬೇರೆ, ಧೂಳು ಕುಡಿಯುವವನು ಏಣಿಯ ಮೇಲಿರುವವನು. ನೆಲ ಚೊಕ್ಕಟವಾಗುತ್ತದೆ ಎಂಬ ಜಾಹೀರಾತು ಕಂಟ್ರಾಕ್ಟರನ ಲೆಕ್ಕಕ್ಕೆ ತಾಕದೆ ಇರಬಹುದು. ಹಾಳಾಗುವ ಬೋರ್ಡು, ಮತ್ತೆ ಹಚ್ಚುವ ಪುಟ್ಟಿ ಮತ್ತು ಪೇಂಟ್ ಅವನದೇ ಖರ್ಚು. ಹಾಗಾಗಿ ಈ ಕಟ್ಟರನ್ನು ನೇರ ರಂಧ್ರ ಕೊಡುವ ಸಾಧನವೆಂದೇ ಶಿಫಾರಸು ಮಾಡುವುದು ಪ್ರಾಮಾಣಿಕವೂ ಹೌದು, ಪರಿಣಾಮಕಾರಿಯೂ ಹೌದು. ಅದರ ಜೊತೆಗೆ ಮಾಸ್ಕಿನ ಖರ್ಚನ್ನೂ ಅದೇ ಬಿಲ್ಲಿನಲ್ಲಿ ಸೇರಿಸಬೇಕು.