'ಚಿದಂಬರ ರಹಸ್ಯ'ದ ಕೊನೆಯ ಬೆಂಕಿ

ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' 1985ರಲ್ಲಿ ಪ್ರಕಟವಾದ ಕಾದಂಬರಿ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಏಲಕ್ಕಿಯ ಇಳುವರಿ ಏಕೆ ಕುಸಿಯಿತು, ವಿಜ್ಞಾನಿ ಜೋಗಿಹಾಳರ ಸಾವಿನ ಹಿಂದೆ ಏನಿದೆ ಎಂಬ ಪತ್ತೇದಾರಿಯ ಜಾಡು ಹಿಡಿದು ಹೊರಡುವ ಕಥೆ, ಕೆಸರೂರನ್ನೇ ಆಹುತಿ ತೆಗೆದುಕೊಳ್ಳುವ ಕಾಡ್ಗಿಚ್ಚಿನಲ್ಲಿ ಕೊನೆಗೊಳ್ಳುತ್ತದೆ. ಈ ಮುಕ್ತಾಯ ಕೆಲವರಿಗೆ ಹಿಡಿಸದಿರಬಹುದು. ಬಿಡಿಸಲಾಗದ ಗಂಟಿಗೆ ಲೇಖಕರು ಬೆಂಕಿ ಇಟ್ಟು ಕೈತೊಳೆದುಕೊಂಡರು ಎಂದು ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಇಂದು ಎಷ್ಟು ಬಲವಿದೆ ಎಂಬುದೇ ಇಲ್ಲಿಯ ವಿಚಾರ.

ನಮ್ಮ ಕಾವ್ಯಪರಂಪರೆಗೆ ಕಾಡಿನ ಬೆಂಕಿ ಹೊಸದಲ್ಲ. ಪಂಪಭಾರತದಲ್ಲಿ ಖಾಂಡವವನ ಉರಿದದ್ದು ಅಗ್ನಿಯ ಹಸಿವಿಗಾಗಿ. ಅದಕ್ಕೆ ಕೃಷ್ಣಾರ್ಜುನರ ಕಾವಲು. ಅಲ್ಲಿ ಬೆಂಕಿಗೆ ಒಂದು ಸಂಕಲ್ಪವಿದೆ, ಒಬ್ಬ ಕರ್ತೃ ಇದ್ದಾನೆ. ತೇಜಸ್ವಿಯವರಲ್ಲಿ ಯಾವ ದೇವರ ಹಸಿವೂ ಇಲ್ಲ. ಕಾಡು ತೆಳುವಾಗುತ್ತದೆ, ಬಯಲಾದಲ್ಲಿ ಲಂಟಾನ ಹಬ್ಬುತ್ತದೆ. ಊರಿನವರು ಜಾತಿ, ಧರ್ಮ, ಲಾಭಗಳ ಜಗಳದಲ್ಲಿ ಮುಳುಗಿದ್ದಾಗ ಉರಿಯಲು ಬೇಕಾದ ಸೌದೆ ಊರಿನ ಸುತ್ತ ತಾನಾಗಿ ಕೂಡಿಬೀಳುತ್ತದೆ. ಹೀಗೆ ನೋಡಿದರೆ ಬೆಂಕಿ ಕೊನೆಯ ಅಧ್ಯಾಯದಲ್ಲಿ ಹೊರಗಿನಿಂದ ಬಂದದ್ದಲ್ಲ. ಲೇಖಕರು ಪುಟಪುಟದಲ್ಲೂ ಅದಕ್ಕೆ ಪುಳ್ಳೆ ಒಟ್ಟಿದ್ದಾರೆ.

'ಧೋ ಎಂದು ಮಳೆ ಸುರಿಯುವ ಮಲೆನಾಡು ಹಾಗೆ ಉರಿದೀತೆ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮೇಲ್ಕಟ್ಟು ಕೂಡಿಕೊಂಡಿರುವ ನಿತ್ಯಹಸಿರು ಕಾಡು ಸುಲಭವಾಗಿ ಉರಿಯುವುದಿಲ್ಲ. ನೆಲದ ತೇವ ಅದನ್ನು ಕಾಯುತ್ತದೆ. ಆದರೆ ಮರ ಕಡಿದು ಬಿಸಿಲು ಒಳಗೆ ಬಿಟ್ಟರೆ ತರಗೆಲೆ ಒಣಗುತ್ತದೆ, ಪೊದೆ ಹಬ್ಬುತ್ತದೆ. ನೆಲದಲ್ಲಿ ಹರಿದುಹೋಗಬೇಕಾದ ಕಿಚ್ಚು ಆ ಪೊದೆಯನ್ನೇ ಏಣಿ ಮಾಡಿಕೊಂಡು ಮರವೇರುತ್ತದೆ. ಇದನ್ನು ಒಣ ಎಲೆಯುದುರುವ ಕಾಡಿನಲ್ಲಿ, ಇನ್ನೂ ಉಗ್ರವಾಗಿ, ನಾಡು ಕಂಡದ್ದು 2019ರ ಫೆಬ್ರವರಿಯಲ್ಲಿ. ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ ಸುಮಾರು 4,400 ಹೆಕ್ಟೇರು ಕಾಡು ಸುಟ್ಟಿತು. ನೀರು ಸುರಿಯಲು ವಾಯುಪಡೆಯ ಹೆಲಿಕಾಪ್ಟರುಗಳೇ ಬರಬೇಕಾಯಿತು. ಅಲ್ಲಿಯೂ ಕಿಚ್ಚಿಗೆ ಒದಗಿದ್ದು ಒಣಗಿ ನಿಂತಿದ್ದ ಲಂಟಾನ.

ಕಾದಂಬರಿಯ ಒಂದು ಕೊರತೆಯನ್ನೂ ಹೇಳಬೇಕು. ಇಲ್ಲಿ ಬೆಂಕಿ ಎಂದರೆ ಸರ್ವನಾಶ ಮಾತ್ರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಬೆಂಕಿಯ ಇನ್ನೊಂದು ಮುಖವೂ ಗೊತ್ತು. ಅವರು 'ತರಗು ಬೆಂಕಿ' ಎಂದು ಕರೆಯುವ ಸಣ್ಣ ಉರಿಯನ್ನು ಬೇಸಿಗೆ ಬಲಿಯುವ ಮೊದಲೇ ಹಾಯಿಸುತ್ತಿದ್ದರು. ಅದು ತರಗನ್ನೂ ಎಳೆಯ ಪೊದೆಯನ್ನೂ ತಿಂದು ಹೋಗುತ್ತಿತ್ತು. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಅದು ನಿಂತಿತು; ಆಮೇಲೆಯೇ ಲಂಟಾನ ಮಿತಿಮೀರಿ ಬೆಳೆಯಿತು ಎಂಬುದು ಅವರ ಅನುಭವದ ಮಾತು. ಕೆಸರೂರಿನ ಕಥೆಯಲ್ಲಿ ಈ ಅರಿವಿನ ದನಿಗೆ ಎಡೆ ಸಿಕ್ಕಿದ್ದರೆ ದುರಂತದ ಅರ್ಥ ಇನ್ನೂ ಆಳವಾಗುತ್ತಿತ್ತು. ನಾಶ ಅನಿವಾರ್ಯವಾಗಿರಲಿಲ್ಲ, ಬಲ್ಲವರನ್ನು ಯಾರೂ ಕೇಳಲಿಲ್ಲ ಎಂಬುದು ಹೊಳೆಯುತ್ತಿತ್ತು.

ಲೇಖಕರು ಬರೆದಾಗ ಇಷ್ಟು ಸ್ಪಷ್ಟವಾಗಿ ಕಾಣದಿದ್ದ ಇನ್ನೊಂದು ಅಂಶ ಈಗ ಸೇರಿಕೊಂಡಿದೆ. ಹವೆಯೇ ಬದಲಾಗುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ದೇಶದ ಅರಣ್ಯಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕಿತು. ಹೊಗೆಯ ಹೊರೆ ಹೆಚ್ಚುತ್ತಲೇ ಹೋದರೆ, ಶತಮಾನದ ಕೊನೆಯ ಹೊತ್ತಿಗೆ ಅವುಗಳಲ್ಲಿ ಶೇಕಡಾ 39ರಷ್ಟು ಚೌಕಗಳ ಹವೆ ಈಗಿರುವ ಬಗೆಯ ಕಾಡಿಗೆ ಒಗ್ಗದಂತಾಗಬಹುದು. ದಕ್ಷಿಣದ ಪಶ್ಚಿಮಘಟ್ಟ ತಕ್ಕಮಟ್ಟಿಗೆ ತಾಳಿಕೊಳ್ಳಬಹುದಂತೆ. ಹೆಚ್ಚು ದುರ್ಬಲವೆಂದು ಹೆಸರಿಸಿದವುಗಳಲ್ಲಿ ಉತ್ತರದ ಪಶ್ಚಿಮಘಟ್ಟವೂ ಒಂದು.

ಉತ್ತರದ ಪಶ್ಚಿಮಘಟ್ಟವೆಂದರೆ ನಮಗೆ ದೂರದ್ದೇನಲ್ಲ. ಸಾನಪಾಡಾದಲ್ಲಿ ನೆಲೆಸಿರುವ ನಾವು ಪುಣೆಗೆ ಹೋಗುವಾಗ ಹತ್ತಿ ಇಳಿಯುವ ಸಹ್ಯಾದ್ರಿಯೇ ಅದು. ಅದಕ್ಕೂ ಈಚೆಗೆ, ತುರ್ಭೆ-ಬೇಲಾಪುರದ ಹಿಂದಿನ ಪಾರಸಿಕ್ ಗುಡ್ಡಗಳು ಆಷಾಢದಲ್ಲಿ ಹಸಿರುಟ್ಟು, ಹೋಳಿಯ ಹೊತ್ತಿಗೆ ಒಣಹುಲ್ಲಿನ ರಾಶಿಯಾಗುತ್ತವೆ. ಈ ಊರಿನ ಗುಡ್ಡಗಳಲ್ಲಿ ಬೇಸಿಗೆಯ ರಾತ್ರಿ ಬೆಂಕಿಯ ಗೆರೆ ಕಾಣುವುದು ಅಪರೂಪವಲ್ಲ. ಯಾರೋ ಎಸೆದ ಬೀಡಿ, ಯಾರೋ ಹಚ್ಚಿದ ಕಸ; ಆ 'ಯಾರೋ' ನಮ್ಮಲ್ಲೇ ಒಬ್ಬನಿರಬಹುದು.

ಹೊರನಾಡಿನ ಕನ್ನಡಿಗರು ಮಲೆನಾಡಿನ ಕಾದಂಬರಿಗಳನ್ನು ಓದುವುದು ಬಹುಮಟ್ಟಿಗೆ ತವರಿನ ಹಸಿರಿಗಾಗಿ. ಬಿಟ್ಟುಬಂದ ಊರು ನೆನಪಿನಲ್ಲಿ ಒಣಗುವುದಿಲ್ಲ. ಅಲ್ಲಿ ಸದಾ ಮಳೆಗಾಲ. ವರ್ಷಕ್ಕೊಮ್ಮೆ, ಹತ್ತು ದಿನದ ರಜೆಯಲ್ಲಿ ಹೋಗಿ ಬರುವವರಿಗೆ ಪಾಲಿಗೆ ಬಂದ ಬೇಣದಲ್ಲಿ ಪೊದೆ ಎಷ್ಟು ಹಬ್ಬಿದೆ ಎಂದು ನೋಡಲು ಬಿಡುವಿಲ್ಲ. 'ಚಿದಂಬರ ರಹಸ್ಯ'ದ ಮುಕ್ತಾಯ ಈ ಸುಖದ ಓದನ್ನು ಕೆಡಿಸುತ್ತದೆ. ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ. ಕಾದಂಬರಿಯನ್ನು ಹಿಂದೆ ಓದಿದವರು ಈ ಬಾರಿ ಕೊಲೆಗಾರನನ್ನು ಬಿಟ್ಟು, ಪೊದೆಯ ಜಾಡು ಹಿಡಿದು ಮತ್ತೊಮ್ಮೆ ಓದಲಿ. ರಜೆಗೆ ಊರಿಗೆ ಹೋದಾಗ ಬೇಣದ ಅಂಚಿನವರೆಗೆ ಒಮ್ಮೆ ನಡೆದು ನೋಡಿ ಬರಲಿ.