ಹಮ್ದಾನ್ ಸ್ಟ್ರೀಟಿನಲ್ಲಿ ಥಾಮಸರ ಸಂತೆ

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಯಾರನ್ನು ಕರೆದರೂ ಥಾಮಸರೇ. ಕಾರ್ಡಿನಲ್ ವುಲ್ಸಿ ಥಾಮಸ್, ಅವನ ನಂತರ ಚಾನ್ಸಲರ್ ಆದ ಮೋರ್ ಥಾಮಸ್, ಇಬ್ಬರನ್ನೂ ಮೀರಿಸಿ ಬೆಳೆದ ಕ್ರಾಮ್‌ವೆಲ್ ಥಾಮಸ್. ಆರ್ಚ್‌ಬಿಷಪ್ ಕ್ರಾನ್ಮರ್, ನಾರ್ಫಕ್‌ನ ಡ್ಯೂಕ್, ಕವಿ ವಯಟ್, ಕೊನೆಗೆ ಹೆನ್ರಿಯ ರಾಣಿ ಆನ್ ಬೊಲಿನ್‌ಳ ಅಪ್ಪನೂ ಥಾಮಸನೇ. ಹಿಲರಿ ಮ್ಯಾಂಟೆಲ್ ಅವರ ‘ವುಲ್ಫ್ ಹಾಲ್’ (2009) ಕಾದಂಬರಿಯನ್ನು ಅಚ್ಚಿನಲ್ಲಿ ಓದುವವರು ಮೊದಲ ಪುಟಗಳ ಪಾತ್ರಪಟ್ಟಿಯಲ್ಲಿ ಒಂದು ಬೆರಳು ಇಟ್ಟುಕೊಂಡೇ ಮುಂದೆ ಹೋಗಬೇಕು. ಸೈಮನ್ ಸ್ಲೇಟರ್ ಓದಿರುವ ಆಡಿಯೋಬುಕ್ಕಿನಲ್ಲಿ ಆ ಕಷ್ಟವಿಲ್ಲ. ಒಬ್ಬೊಬ್ಬ ಥಾಮಸನಿಗೂ ಒಂದೊಂದು ದನಿ. ಬಾಯಿ ತೆರೆದರೆ ಸಾಕು, ಯಾರೆಂದು ತಿಳಿಯುತ್ತದೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕರಾವಳಿಯವರಿಗೆ ಈ ಸುಖ ಗೊತ್ತೇ ಇದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕೂತಲ್ಲೇ ಬರೀ ಮಾತಿನಿಂದ ಕೌರವನನ್ನು ತಂದು ನಿಲ್ಲಿಸುತ್ತಾನೆ.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ‘ವುಲ್ಫ್ ಹಾಲ್’ ಕೇಳಬೇಕಾದರೆ ರಾತ್ರಿ ಹತ್ತರ ಮೇಲೆ ಇಳಿಯಬೇಕು. ಆಗಸ್ಟ್ ತಿಂಗಳಲ್ಲಿ ಕಟ್ಟಡದ ಗಾಜಿನ ಬಾಗಿಲು ದಾಟಿದ ಕೂಡಲೇ ಕನ್ನಡಕ ಮಂಜಾಗುತ್ತದೆ. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಪಟ್ನಿಯ ಕಮ್ಮಾರನ ಅಂಗಳದಲ್ಲಿ ಹುಡುಗ ಕ್ರಾಮ್‌ವೆಲ್ ಅಪ್ಪನ ಬೂಟಿನ ಒದೆ ತಿಂದು ಕಲ್ಲುಹಾಸಿನ ಮೇಲೆ ಬಿದ್ದಿರುತ್ತಾನೆ. ಕೆಫೆಟೀರಿಯಾದ ಮಲಯಾಳಿ ಹುಡುಗ ಕರಕ್ ಚಹಾ ಕೊಡುವಾಗ ಮಾತ್ರ ಒಂದು ಕಿವಿಯನ್ನು ಅವನಿಗೆ ಬಿಟ್ಟುಕೊಡಬೇಕು. ಮ್ಯಾಂಟೆಲ್ ಅವರಿಗೂ ಅರಬ್ ನಾಡಿನ ಸೆಕೆ ಹೊಸದಲ್ಲ. 1980ರ ದಶಕದಲ್ಲಿ ಗಂಡನ ಕೆಲಸದ ದೆಸೆಯಿಂದ ಅವರು ಜೆಡ್ಡಾದಲ್ಲಿದ್ದರು. ಅಲ್ಲಿಂದ ಹುಟ್ಟಿದ 1988ರ ಕಾದಂಬರಿ ‘ಏಟ್ ಮಂತ್ಸ್ ಆನ್ ಗಝಾ ಸ್ಟ್ರೀಟ್’ನಲ್ಲಿ, ಖಾಲಿ ಎಂದು ಎಲ್ಲರೂ ಹೇಳುವ ಮೇಲಿನ ಫ್ಲಾಟಿನಿಂದ ಬರುವ ಸದ್ದಿಗೆ ಒಬ್ಬಳು ಕಿವಿಗೊಡುತ್ತ ಕೂರುತ್ತಾಳೆ. ಗೋಡೆಯಾಚೆಯದನ್ನು ಕೇಳಿಸಿಕೊಳ್ಳುವ ಈ ಕಲೆ ಮುಂದೆ ಅವರ ಕ್ರಾಮ್‌ವೆಲ್‌ಗೆ ಬಂತೆಂದು ನನ್ನ ಗುಮಾನಿ.

ಟ್ಯೂಡರ್ ಚರಿತ್ರೆಯನ್ನು ಕೇಳಿಯೇ ಸವಿಯಬೇಕು ಅನ್ನುವುದಕ್ಕೆ ನನ್ನ ಕಾರಣ ಇದೇ: ಅಲ್ಲಿ ಎಲ್ಲರ ತಲೆ ನಿಂತಿದ್ದುದು ಯಾರು ಏನನ್ನು ಕೇಳಿಸಿಕೊಂಡರು ಎಂಬುದರ ಮೇಲೆ. 1534ರ ಕಾಯಿದೆ ಬಂದ ಮೇಲೆ ಬರೀ ಬಾಯಿಮಾತೂ ರಾಜದ್ರೋಹವಾಯಿತು. ಮರುವರ್ಷ ಮೋರ್‌ನ ವಿಚಾರಣೆ. ಸೆರೆಮನೆಯಲ್ಲಿ ಅವನ ಪುಸ್ತಕಗಳನ್ನು ಕಿತ್ತುಕೊಳ್ಳಲು ಹೋಗಿದ್ದ ರಿಚರ್ಡ್ ರಿಚ್, ಆಗ ಮೋರ್ ರಾಜನ ವಿರುದ್ಧ ಮಾತಾಡಿದ ಎಂದು ಸಾಕ್ಷಿ ಹೇಳಿದ. ಅದೇ ಕೋಣೆಯಲ್ಲಿ ಇನ್ನಿಬ್ಬರಿದ್ದರು. ಅವರನ್ನು ಕೇಳಿದರೆ, ನಾವು ಪುಸ್ತಕಗಳನ್ನು ಚೀಲಕ್ಕೆ ತುಂಬುವುದರಲ್ಲಿದ್ದೆವು, ಮಾತಿನ ಕಡೆ ಗಮನವಿರಲಿಲ್ಲ ಅಂದರಂತೆ. ಇದನ್ನು ಬರೆದಿಟ್ಟವನು ಮೋರ್‌ನ ಅಳಿಯ ವಿಲಿಯಂ ರೋಪರ್. ಕಿವುಡರಂತೆ ಚೀಲ ಕಟ್ಟಿದ ಆ ಇಬ್ಬರ ಜಾಣತನಕ್ಕೆ ನಾನು ತಲೆದೂಗುತ್ತೇನೆ. ಮೋರ್‌ನ ತಲೆ ಮಾತ್ರ ಉಳಿಯಲಿಲ್ಲ.

ವುಲ್ಸಿಯ ಪತನವನ್ನು ಕೇಳುವಾಗ ಕನ್ನಡದವರಿಗೆ ವಿಜಯನಗರದ ಮಂತ್ರಿ ಅಪ್ಪಾಜಿ ತಿಮ್ಮರಸು ನೆನಪಾಗದೆ ಇರುವುದಿಲ್ಲ. ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ, ನಮ್ಮ ಕೃಷ್ಣದೇವರಾಯನೂ ಅದೇ ವರ್ಷ. ರಾಯ ತೀರಿಕೊಂಡ 1529ರಲ್ಲೇ ಅಲ್ಲಿ ವುಲ್ಸಿ ಅಧಿಕಾರ ಕಳೆದುಕೊಂಡ. ಅರಸನನ್ನು ಬೆಳೆಸಿದ ಮಂತ್ರಿ ಅದೇ ಅರಸನಿಂದ ಹಾಳಾದ ಕಥೆ ಎರಡೂ ಕಡೆ ಇದೆ. ತಿಮ್ಮರಸು ಎಂದರೆ ನಮ್ಮ ತಲೆಮಾರಿಗೆ 1970ರ ‘ಶ್ರೀಕೃಷ್ಣದೇವರಾಯ’ ಚಿತ್ರದ ಪಂತುಲು ಅವರ ಮುಖ. ಆದರೆ ಸಾಕ್ಷಿಯ ಮಾತಿಗೆ ಬಂದರೆ ಕೊರಗು ಹತ್ತುತ್ತದೆ. ವುಲ್ಸಿಯ ಜೊತೆಗೇ ಇದ್ದ ಜಾರ್ಜ್ ಕ್ಯಾವೆಂಡಿಶ್ ಎಂಬ ಪರಿಚಾರಕ ಎಲ್ಲವನ್ನೂ ಕಂಡು ಬರೆದಿದ್ದಾನೆ. ರಾಜನ ಉಂಗುರ ಹಿಡಿದು ಅವನ ಆಪ್ತ ನಾರಿಸ್ ಎದುರಾದಾಗ ಕಾರ್ಡಿನಲ್ ಹೇಸರಗತ್ತೆಯಿಂದಿಳಿದು ಕೆಸರಿನಲ್ಲೇ ಮಂಡಿಯೂರಿದ. ಟೋಪಿ ತೆಗೆಯಲು ಹೋದರೆ ಗದ್ದದ ಕೆಳಗಿನ ಗಂಟು ಬಿಚ್ಚಲಿಲ್ಲ, ದಾರವನ್ನೇ ಹರಿದುಹಾಕಿದ. ಆ ಗಂಟೊಂದು ಸಾಕು, ಕಾದಂಬರಿಕಾರರಿಗೆ ಇಡೀ ಅಧ್ಯಾಯ ಸಿಕ್ಕಿತು. ಅಪ್ಪಾಜಿಗೆ ಸಿಕ್ಕವನು ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಮಗನಿಗೆ ವಿಷವಿಟ್ಟನೆಂದು ಶಂಕಿಸಿ ರಾಯ ಮಂತ್ರಿಯ ಕಣ್ಣು ಕೀಳಿಸಿದ ಎಂದು ಅವನು ಬರೆದದ್ದು ಸುಮಾರು 1535ರಲ್ಲಿ, ರಾಯ ತೀರಿಕೊಂಡ ಮೇಲೆ, ಅವರಿವರಿಂದ ಕೇಳಿ. ನಂಬಬೇಕೋ ಬೇಡವೋ, ಅದರಲ್ಲಿ ಗಂಟಿಲ್ಲ, ಕೆಸರಿಲ್ಲ.

ಚರಿತ್ರೆಯ ಪುಸ್ತಕಗಳು ಕಿವಿಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಡರ್ಮಿಡ್ ಮೆಕಲಕ್ ಅವರ ಕ್ರಾಮ್‌ವೆಲ್ ಜೀವನಚರಿತ್ರೆ (2018) ಮಹಾ ಗ್ರಂಥವೇ ಸರಿ, ಆದರೆ ಅಲ್ಲಿ ಒಂದೇ ದನಿ, ಥಾಮಸರು ಮತ್ತೆ ಕಲಸಿಹೋಗುತ್ತಾರೆ. ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯನನ್ನು ಕಾಯುವಷ್ಟರಲ್ಲಿ ಮೂರು ಹೆಸರು, ಎರಡು ಇಸವಿ ಕೈತಪ್ಪಿರುತ್ತವೆ. ಅದನ್ನು ಮನೆಯಲ್ಲಿ, ಮೇಜಿನ ಮೇಲೆ ಅಚ್ಚಿನ ಪ್ರತಿ ತೆರೆದಿಟ್ಟುಕೊಂಡು ಕೇಳಬೇಕು. ಬೀದಿಗೆ ಹೇಳಿ ಮಾಡಿಸಿದ್ದು ಸಿ. ಜೆ. ಸ್ಯಾನ್ಸಮ್ ಅವರ ‘ಡಿಸಲ್ಯೂಷನ್’ (2003). ಸ್ಟೀವನ್ ಕ್ರಾಸ್ಲಿ ಓದಿರುವ ಅದರಲ್ಲಿ ಗೂನುಬೆನ್ನಿನ ವಕೀಲ ಶಾರ್ಡ್‌ಲೇಕ್ ಒಂದು ಮಠದ ಕೊಲೆಯ ಜಾಡು ಹಿಡಿದು ಹೋಗುತ್ತಾನೆ. ಹೆನ್ರಿ ಮಠಗಳನ್ನು ಮುಚ್ಚಿಸಿದ್ದು ಏಕೆ, ಆಸ್ತಿ ಯಾರ ಪಾಲಾಯಿತು ಎಂಬುದೆಲ್ಲ ಪತ್ತೇದಾರಿಯ ಜೊತೆ ಸಲೀಸಾಗಿ ಒಳಗಿಳಿಯುತ್ತದೆ. ಹೊಸಬರು ಇದರಿಂದಲೇ ಶುರು ಮಾಡಲಿ.

ಮ್ಯಾಂಟೆಲ್ ತ್ರಿವಳಿಯ ಕೊನೆಯ ‘ದಿ ಮಿರರ್ ಅಂಡ್ ದಿ ಲೈಟ್’ (2020) ಸುಮಾರು 38 ಗಂಟೆಯದು. ಓದಿದವರು ಬೆನ್ ಮೈಲ್ಸ್, ರಂಗದ ಮೇಲೆ ಕ್ರಾಮ್‌ವೆಲ್ ಆಗಿ ನಟಿಸಿದವರು. ಅವರಿಗೆ ದನಿ ಬದಲಿಸುವ ಆಸೆ ಕಡಿಮೆ, ಒಬ್ಬನ ತಲೆಯೊಳಗೇ ಕೂತು ಮಾತಾಡುತ್ತಾರೆ. ಕ್ರಾಮ್‌ವೆಲ್‌ನ ತಲೆ ಹೋದದ್ದು 1540ರ ಜುಲೈ 28ರಂದು, ಹೆನ್ರಿ ಐದನೆಯ ಮದುವೆಯಾದ ದಿನ. ಆ ಬೆಳಗಿಗೆ ಈ ದನಿಯೇ ತಕ್ಕದ್ದು. ಮೊದಲೆರಡು ಸಂಪುಟಗಳನ್ನೂ ಮೈಲ್ಸ್ ಹೊಸದಾಗಿ ಓದಿಕೊಟ್ಟಿದ್ದಾರೆ, ಮೆಚ್ಚುವವರು ಬಹಳ ಮಂದಿ. ನಾನು ಮಾತ್ರ ವುಲ್ಸಿಯನ್ನು ಸ್ಲೇಟರ್ ಬಾಯಿಂದ ಬಿಡಿಸಿಕೊಳ್ಳಲಾರೆ.