ಕಾವಲುಗಾರನ ಪುಸ್ತಕ, ಕೈದಿಯ ಕಾದಂಬರಿ

ಜನರಲ್ ಕೆ. ಎಸ್. ತಿಮ್ಮಯ್ಯ ಎಂದರೆ ಕನ್ನಡದ ಓದುಗರಿಗೆ ಎರಡು ಚಿತ್ರಗಳು ಥಟ್ಟನೆ ಹೊಳೆಯುತ್ತವೆ. ಒಂದು, 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಮಡಿಕೇರಿಯ ವೀರ. ಇನ್ನೊಂದು, 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರ ಜತೆ ಹೊಂದದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಅದನ್ನು ಹಿಂತೆಗೆದುಕೊಂಡ ದಂಡನಾಯಕ. ಈ ಎರಡರ ನಡುವೆ ಕೊರಿಯಾದಲ್ಲಿ ಅವರು ಕಳೆದ ಕೆಲವು ತಿಂಗಳುಗಳಿವೆ. ನಮ್ಮ ವ್ಯಕ್ತಿಚಿತ್ರಗಳಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ವಾಕ್ಯ: 'ಕೊರಿಯಾದಲ್ಲಿ ಶಾಂತಿಕಾರ್ಯ ನಿರ್ವಹಿಸಿ ಪದ್ಮಭೂಷಣ ಪಡೆದರು.'

ಆ ತಿಂಗಳುಗಳ ಬಗ್ಗೆ ನಾನು ಒಟ್ಟಿಗೆ ಇಟ್ಟುಕೊಂಡು ಓದುವ ಪುಸ್ತಕಗಳು ಎರಡು. ಮೊದಲನೆಯದು ತಿಮ್ಮಯ್ಯನವರದೇ ಬರಹ, 'ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ'. ಅವರು ತೀರಿಹೋಗಿ ಹದಿನೈದು ವರ್ಷಗಳ ನಂತರ, 1981ರಲ್ಲಿ ಪ್ರಕಟವಾಯಿತು. ಎರಡನೆಯದು ಕೊರಿಯಾದ ಚೋಯ್ ಇನ್-ಹುನ್ 1960ರಲ್ಲಿ ಬರೆದ ಕಾದಂಬರಿ 'ಗ್ವಾಂಗ್‌ಜಾಂಗ್', ಅಂದರೆ 'ಚೌಕ'. ಇಂಗ್ಲಿಷಿನಲ್ಲಿ 'ದಿ ಸ್ಕ್ವೇರ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಒಂದು ಕಾವಲು ಕಾದವರ ಪುಸ್ತಕ, ಇನ್ನೊಂದು ಕಾವಲಿನಲ್ಲಿದ್ದವನ ಕತೆ. ಈಗಷ್ಟೇ ಹುಟ್ಟಿದ ದೇಶವೊಂದು ಪರರ ಜಗಳದಲ್ಲಿ ಶಾಂತಿಗಾಗಿ ಏನು ಮಾಡಬಲ್ಲದು, ಎಲ್ಲಿಗೆ ಅದರ ಕೈ ಮುಟ್ಟುವುದಿಲ್ಲ ಎಂಬ ಪ್ರಶ್ನೆಗೆ ಇವೆರಡೂ ಸೇರಿ ಕೊಡುವ ಉತ್ತರ, ಬಿಡಿಬಿಡಿಯಾಗಿ ಓದಿದರೆ ದಕ್ಕುವುದಿಲ್ಲ.

ಮೊದಲು ಹಿನ್ನೆಲೆ. 1950ರ ಜೂನ್ 25ರಂದು ಶುರುವಾದ ಕೊರಿಯಾ ಯುದ್ಧ ನಿಂತದ್ದು 1953ರ ಜುಲೈ 27ರಂದು. ಇದಕ್ಕೂ ಎಷ್ಟೋ ಮೊದಲೇ ಗಡಿಯ ಬಗ್ಗೆ ಹೆಚ್ಚುಕಡಿಮೆ ಒಪ್ಪಂದವಾಗಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆಯನ್ನು ಹಿಡಿದು ನಿಲ್ಲಿಸಿದ್ದು ಯುದ್ಧಕೈದಿಗಳ ಪ್ರಶ್ನೆ. ತಮ್ಮ ದೇಶಕ್ಕೆ ಮರಳಲು ಒಲ್ಲೆ ಎನ್ನುವ ಕೈದಿಯನ್ನು ಏನು ಮಾಡಬೇಕು? ಎಲ್ಲರನ್ನೂ ವಾಪಸು ಕೊಡಬೇಕೆಂದು ಚೀನಾ ಮತ್ತು ಉತ್ತರ ಕೊರಿಯಾ ಹಟ ಹಿಡಿದವು. ಬಲವಂತದಿಂದ ಕಳಿಸುವುದಿಲ್ಲ ಎಂದು ಅಮೆರಿಕ ಹಟ ಹಿಡಿಯಿತು. 1952ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಭಾರತದ ನಿರ್ಣಯ ಈ ಗಂಟನ್ನು ಸಡಿಲಿಸುವ ದಾರಿ ತೋರಿಸಿತು. ಅದನ್ನು ರೂಪಿಸಿದವರು ಇದೇ ಕೃಷ್ಣ ಮೆನನ್. ಮೊದಲು ಸೋವಿಯೆತ್ ಒಕ್ಕೂಟವೂ ಚೀನಾವೂ ಅದನ್ನು ತಳ್ಳಿಹಾಕಿದವು. ಮರುವರ್ಷ ಜೂನಿನಲ್ಲಿ ಎರಡೂ ಕಡೆಯವರು ಸಹಿ ಹಾಕಿದ್ದು ಬಹುಪಾಲು ಅದೇ ಧಾಟಿಯ ಒಪ್ಪಂದಕ್ಕೆ.

ಹೀಗೆ ಹುಟ್ಟಿದ್ದು ತಟಸ್ಥ ರಾಷ್ಟ್ರಗಳ ಕೈದಿ ವಾಪಸಾತಿ ಆಯೋಗ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಸದಸ್ಯರು. ಭಾರತ ಅಧ್ಯಕ್ಷ, ಕಾವಲಿಗೆ ಸೈನಿಕರನ್ನು ಕೊಡಬೇಕಾದದ್ದೂ ಭಾರತವೇ. ಆಗ ನಮ್ಮ ದೇಶಕ್ಕೆ ಆರು ವರ್ಷ, ಸಂವಿಧಾನಕ್ಕೆ ಮೂರು. ಮೊದಲ ಮಹಾಚುನಾವಣೆ ಮುಗಿದು ಒಂದೂವರೆ ವರ್ಷವಾಗಿತ್ತು. ಕರ್ನಾಟಕದ ಏಕೀಕರಣ ಆಗಿರಲಿಲ್ಲ, ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ವಿಸ್ತೀರ್ಣದಲ್ಲಿ ಭಾರತ ಚಿಕ್ಕದಲ್ಲ, ಸರಿ. ಆದರೆ ದೊಡ್ಡಣ್ಣಂದಿರ ಪಂಕ್ತಿಯಲ್ಲಿ ಆ ದಿನ ಅದರ ಎಲೆ ಕೊನೆಯ ಸಾಲಿನಲ್ಲೇ ಇತ್ತು.

ತಿಮ್ಮಯ್ಯನವರ ಪುಸ್ತಕ ಆಯೋಗದ ಅಧ್ಯಕ್ಷನ ಕುರ್ಚಿಯಿಂದ ಕಂಡ ಕೊರಿಯಾ. ಸುಮಾರು 6,000 ಮಂದಿಯ ಭಾರತೀಯ ಪಡೆಗೆ ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ಮುಖ್ಯಸ್ಥರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ, ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದರು. ಹಾಗಾಗಿ ಇಂಚಾನ್ ಬಂದರಿನ ಹಡಗುಗಳಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿಕೊಂಡು ಹೋಗಿ ನೇರ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಶಿಬಿರದ ಹೆಸರು ಹಿಂದ್ ನಗರ. ಅವರ ವಶಕ್ಕೆ ಬಂದ ಕೈದಿಗಳು ದಕ್ಷಿಣದ ಕಡೆಯಿಂದ 22,000ಕ್ಕೂ ಹೆಚ್ಚು, ಅವರಲ್ಲಿ ಚೀನೀಯರೇ ಅಧಿಕ. ಉತ್ತರದ ಕಡೆಯಿಂದ 359 ಮಂದಿ.

ನಿಯಮ ಕಾಗದದ ಮೇಲೆ ಚೊಕ್ಕವಾಗಿತ್ತು. ತೊಂಬತ್ತು ದಿನ ಕೈದಿಗಳ ಸ್ವದೇಶದ ಪ್ರತಿನಿಧಿಗಳು ಬಂದು, ನಿಮಗೆ ಊರಿಗೆ ಮರಳುವ ಹಕ್ಕಿದೆ, ಹೆದರಬೇಡಿ ಎಂದು ವಿವರಿಸಬೇಕು. ಆಮೇಲೂ ಒಲ್ಲೆನೆಂದವರ ವಿಷಯವನ್ನು ರಾಜಕೀಯ ಸಮ್ಮೇಳನವೊಂದು ಮೂವತ್ತು ದಿನಗಳಲ್ಲಿ ನಿರ್ಧರಿಸಬೇಕು. ದಿನವೂ ಪ್ರಾಜೆಕ್ಟ್ ಪ್ಲಾನ್ ನೋಡುವ ನನ್ನಂಥವನಿಗೆ ಇದರ ಅಪಾಯ ಕೂಡಲೇ ಕಾಣುತ್ತದೆ: ಕೆಲಸ ಒಬ್ಬರದು, ಗಡುವು ಇನ್ನೊಬ್ಬರದು, ಅಂತಿಮ ತೀರ್ಮಾನ ಇನ್ನೂ ಹುಟ್ಟದ ಮೂರನೆಯವರದು. ಆದದ್ದೂ ಹಾಗೆಯೇ. ಆ ಸಮ್ಮೇಳನ ಸೇರಲೇ ಇಲ್ಲ. ಅಕ್ಟೋಬರ್ 15ಕ್ಕೆ ಶುರುವಾದ ವಿವರಣೆ ಡಿಸೆಂಬರ್ 23ರ ಗಡುವಿನ ಹೊತ್ತಿಗೆ ತಲುಪಿದ್ದು ಸುಮಾರು ಮೂರು ಸಾವಿರ ಮಂದಿಯನ್ನು ಮಾತ್ರ. ಶಿಬಿರಗಳ ಒಳಗೆ ಕೈದಿಗಳದೇ ನಾಯಕರ ಆಳ್ವಿಕೆ ನಡೆದಿತ್ತು. ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಹಾಕಿಸಿಕೊಂಡ ಚೀನೀ ಕೈದಿಗಳಿದ್ದರು. ಅದು ಯಾರ ಇಚ್ಛೆಯಿಂದ ಬಿದ್ದ ಹಚ್ಚೆ ಎಂದು ತಿಳಿಯುವುದು ಹೇಗೆ?

ಇಲ್ಲಿ ಭಾರತೀಯರ ನಡೆಯನ್ನು ಗಮನಿಸಬೇಕು. ಸೆಪ್ಟೆಂಬರಿನಲ್ಲಿ ಕೈದಿಗಳು ಮೇಜರ್ ಗ್ರೇವಾಲ್ ಎಂಬ ಅಧಿಕಾರಿಯನ್ನು ಒತ್ತೆ ಹಿಡಿದಾಗ, ಥೋರಾಟರು ತಾವೇ ಆ ಆವರಣದೊಳಗೆ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದರು. ಆದರೆ ಅಕ್ಟೋಬರಿನ ಮೊದಲ ದಿನಗಳಲ್ಲಿ ಕಾವಲುಗಾರರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿವರಣೆಗೆ ಬರಲೊಲ್ಲದವರನ್ನು ಬಲವಂತವಾಗಿ ಎಳೆತರಬೇಕೆಂಬ ಉತ್ತರದವರ ಒತ್ತಾಯಕ್ಕೆ ಮಾತ್ರ ಭಾರತ ಒಪ್ಪಲಿಲ್ಲ. ಅವರಿಗೆ ಸಿಟ್ಟು ಬಂತು. ಶಿಬಿರಗಳಲ್ಲಿ ಬೆದರಿಕೆಯ ಆಡಳಿತವಿದೆ ಎಂದು ವರದಿಯಲ್ಲಿ ಬರೆಯಿತು. ದಕ್ಷಿಣದವರಿಗೆ ಸಿಟ್ಟು ಬಂತು. ಕೊನೆಗೆ 1954ರ ಜನವರಿಯಲ್ಲಿ, ಕೈದಿಗಳನ್ನು ಬಿಡುಗಡೆ ಮಾಡುವ ಅಧಿಕಾರವೂ ಇಲ್ಲ, ಇಟ್ಟುಕೊಳ್ಳುವ ಅಧಿಕಾರವೂ ಇಲ್ಲ ಎಂದು ಅವರನ್ನು ಮೊದಲು ಹಿಡಿದಿಟ್ಟಿದ್ದವರಿಗೇ ತಿಮ್ಮಯ್ಯ ಹಿಂತಿರುಗಿಸಿದರು. ಎರಡು ಕಡೆಯವರೂ ತಕರಾರು ಎತ್ತಿದರು.

ಪುಸ್ತಕದ ಹೆಸರಿನಲ್ಲೇ 'ಪ್ರಯೋಗ' ಎಂಬ ಮಾತಿದೆ. ನನ್ನ ಓದಿನಲ್ಲಿ ಅದರ ತಿರುಳು ಇಷ್ಟು: ತಾಟಸ್ಥ್ಯ ಎನ್ನುವುದು ಅಭಿಪ್ರಾಯವಿಲ್ಲದಿರುವಿಕೆ ಅಲ್ಲ, ಅದೊಂದು ದುಡಿಮೆ. ಬೇರೆಯವರ ಕೈದಿಗೆ ಊಟ, ಬೇಲಿ, ದುಭಾಷಿ, ಡೇರೆ ಒದಗಿಸಿ, ಅವನ ಮೇಲೆ ಹಕ್ಕು ಸಾಧಿಸದೆ, ಇಬ್ಬರಿಂದಲೂ ಬೈಸಿಕೊಳ್ಳುವ ದುಡಿಮೆ. ಬಲಾಢ್ಯ ದೇಶಗಳು ಇದನ್ನು ಮಾಡಲಾರವು, ಏಕೆಂದರೆ ಅವುಗಳಿಗೆ ಯಾವುದಾದರೊಂದು ಬಣವಿರುತ್ತದೆ. ಹೊಸ ದೇಶಕ್ಕೆ ಬಣವಿಲ್ಲದಿರುವುದೇ ಬಂಡವಾಳ. ಆದರೆ ಈ ಪುಸ್ತಕದ ಮಿತಿಯೂ ಇಲ್ಲೇ ಇದೆ. ಅಧ್ಯಕ್ಷನ ಎದುರು ಬರುವುದು ಸಾವಿರಗಳ ಲೆಕ್ಕ. ಡೇರೆಯೊಳಗೆ ಒಬ್ಬೊಬ್ಬನಾಗಿ ಬಂದು ನಿಂತವನ ಎದೆಯೊಳಗೆ ಏನಿತ್ತು ಎಂಬುದು ವರದಿಗೆ ನಿಲುಕುವ ವಿಷಯವಲ್ಲ.

ಅಲ್ಲಿಂದ ಚೋಯ್ ಇನ್-ಹುನ್ ಶುರುಮಾಡುತ್ತಾರೆ. ಅವರು ಉತ್ತರದಲ್ಲಿ ಹುಟ್ಟಿ ಯುದ್ಧಕಾಲದಲ್ಲಿ ದಕ್ಷಿಣಕ್ಕೆ ಬಂದವರು. ಕಥಾನಾಯಕ ಲೀ ಮ್ಯೊಂಗ್‌ಜುನ್ ಸೋಲ್ ನಗರದ ತತ್ತ್ವಶಾಸ್ತ್ರ ವಿದ್ಯಾರ್ಥಿ. ತಂದೆ ಉತ್ತರಕ್ಕೆ ಹೋದ ಕಮ್ಯುನಿಸ್ಟ್; ಆ ಕಾರಣಕ್ಕೆ ಪೊಲೀಸರು ಮಗನನ್ನು ಬಡಿಯುತ್ತಾರೆ. ಅವನೂ ಉತ್ತರಕ್ಕೆ ಹೋಗುತ್ತಾನೆ. ಅಲ್ಲಿ ಕ್ರಾಂತಿಯ ಹೆಸರಿದೆ, ಉಸಿರಿಲ್ಲ. ದಕ್ಷಿಣದಲ್ಲಿ ಎಲ್ಲರಿಗೂ ಅವರವರ ಕೋಣೆಗಳಿವೆ, ಕೂಡಿ ನಿಲ್ಲುವ ಚೌಕವಿಲ್ಲ. ಉತ್ತರದಲ್ಲಿ ಬರೀ ಚೌಕ, ಬಾಗಿಲು ಹಾಕಿಕೊಳ್ಳಲು ಕೋಣೆಯಿಲ್ಲ. ಯುದ್ಧದಲ್ಲಿ ಪ್ರೇಯಸಿಯನ್ನೂ ಕಳೆದುಕೊಂಡು ಸೆರೆಸಿಕ್ಕ ಅವನು, ಮನವೊಲಿಸಲು ಕೂತ ಅಧಿಕಾರಿಗಳ ಎಲ್ಲ ಮಾತಿಗೂ ಕೊಡುವುದು ಒಂದೇ ಉತ್ತರ: ತಟಸ್ಥ ದೇಶಕ್ಕೆ ಹೋಗುತ್ತೇನೆ. ಕಾದಂಬರಿ ತೆರೆದುಕೊಳ್ಳುವುದು ಅಂಥವರನ್ನು ಹೊತ್ತು ಭಾರತಕ್ಕೆ ಹೊರಟ ಹಡಗಿನ ಮೇಲೆ. ಹಡಗಿನ ಹೆಸರು ಟಾಗೋರ್.

ಆ ಹೆಸರು ಅಕಸ್ಮಾತ್ ಇಟ್ಟದ್ದಿರಲಾರದು. ಕೊರಿಯಾ ಕುರಿತು ಟಾಗೋರರು ಬರೆದ ಕಿರುಕವಿತೆ ಅಲ್ಲಿಯ ಓದುಗರಿಗೆ ಚಿರಪರಿಚಿತ. ಹಡಗಿನ ಭಾರತೀಯ ಕ್ಯಾಪ್ಟನ್ ಸಜ್ಜನ, ಆದರದಿಂದ ನಡೆದುಕೊಳ್ಳುತ್ತಾನೆ. ಆದರೂ ಮ್ಯೊಂಗ್‌ಜುನ್ ಭಾರತ ತಲುಪುವುದಿಲ್ಲ. ಹಡಗನ್ನು ಹಿಂಬಾಲಿಸುವ ಎರಡು ಕಡಲಹಕ್ಕಿಗಳಲ್ಲಿ ಸತ್ತ ಪ್ರೇಯಸಿಯನ್ನೂ ಹುಟ್ಟದ ಮಗುವನ್ನೂ ಕಂಡು, ನಡುಗಡಲಲ್ಲಿ ಕಾಣೆಯಾಗುತ್ತಾನೆ. ಚೋಯ್ ನಮ್ಮನ್ನು ಹೀಯಾಳಿಸುತ್ತಿಲ್ಲ. ತಟಸ್ಥ ದೇಶ ಎಂಬುದು ಎರಡು ಬೇಡಗಳ ಮೊತ್ತ, ಅದರಿಂದ ಒಂದು ಬೇಕು ಹುಟ್ಟುವುದಿಲ್ಲ ಎಂಬುದಷ್ಟೇ ಅವರ ಮಾತು.

ಕಾದಂಬರಿಯ ಈ ಕೊನೆ ಅತಿಯಾಯಿತೇ? ನಿಜದ ಹಡಗಿನ ಕತೆ ಕೇಳಿದರೆ ಹಾಗೆನ್ನಿಸುವುದಿಲ್ಲ. ಅದರ ಹೆಸರು ಅಸ್ಟೂರಿಯಸ್. 1954ರ ಫೆಬ್ರವರಿಯಲ್ಲಿ ಅದು 88 ಮಾಜಿ ಕೈದಿಗಳನ್ನು ತಂದಿಳಿಸಿದ್ದು ನಮ್ಮ ಈ ಮದರಾಸಿನ ಬಂದರಿಗೆ. 76 ಕೊರಿಯನ್ನರು, 12 ಚೀನೀಯರು. ಇಲ್ಲಿಂದ ಅವರನ್ನು ದೆಹಲಿಗೆ ಕಳಿಸಲಾಯಿತು. ಅವರಲ್ಲಿ ಹಲವರು ಬಯಸಿದ್ದು ಮೆಕ್ಸಿಕೊ. ಸುಮಾರು ಎರಡು ವರ್ಷ ಕಾದ ಮೇಲೆ ಬಾಗಿಲು ತೆರೆದದ್ದು ಬ್ರೆಜಿಲ್ ಮತ್ತು ಅರ್ಜೆಂಟೀನಾ. ಕೆಲವರು ಇಲ್ಲೇ ಉಳಿದರು. ಇಪ್ಪತ್ತೆರಡು ಸಾವಿರ ಮಂದಿಯನ್ನು ಕಾಯಲು ಹಡಗು ಹತ್ತಿದ ದೇಶಕ್ಕೆ, ತನ್ನನ್ನೇ ನಂಬಿ ಬಂದ 88 ಮಂದಿಗೆ ಮುಂದೇನು ಎಂಬುದಕ್ಕೆ ಸಿದ್ಧ ಉತ್ತರವಿರಲಿಲ್ಲ. ಶಾಂತಿಯ ಕೆಲಸ ಒಪ್ಪಂದದ ಕಲಮುಗಳೊಂದಿಗೆ ಮುಗಿಯಿತು, ಮನುಷ್ಯರು ಮಿಕ್ಕರು. ಇಂದು ಚೆನ್ನೈಯಲ್ಲಿ ಕೊರಿಯನ್ನರು ಅಪರೂಪವಲ್ಲ. ಇರುಂಗಾಟ್ಟುಕೋಟೈನ ಹ್ಯುಂಡೈ ಕಾರ್ಖಾನೆಯ ನೆಪದಲ್ಲಿ ಅವರ ಅಂಗಡಿ, ಹೋಟೆಲುಗಳು ಇಲ್ಲಿವೆ. ಅವರಿಗೂ ಮುಂಚೆ, ಕೈಯಲ್ಲಿ ಯಾವ ದೇಶವೂ ಇಲ್ಲದೆ ಬಂದಿಳಿದವರ ಗುರುತನ್ನು ನಾನು ಈ ಊರಿನಲ್ಲಿ ಎಲ್ಲೂ ಕಂಡಿಲ್ಲ.

ಹಾಗೆಂದು ತಿಮ್ಮಯ್ಯನವರ ಪ್ರಯೋಗ ಸೋತಿತು ಎನ್ನಲಾರೆ. ಕದನವಿರಾಮ ಮುರಿಯಲಿಲ್ಲ. ಮುಂದೆ 1964ರಲ್ಲಿ ಅವರು ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ ಸೈಪ್ರಸ್ಸಿಗೆ ಹೋದರು. ಅದು 1960ರಲ್ಲಿ ಸ್ವತಂತ್ರವಾದ, ಆರು ಲಕ್ಷದಷ್ಟು ಜನರ ಪುಟ್ಟ ದ್ವೀಪರಾಷ್ಟ್ರ. ಗ್ರೀಕ್ ಮತ್ತು ತುರ್ಕಿ ಮೂಲದವರ ನಡುವೆ ನಿಂತ ಅದೇ ಕೆಲಸದಲ್ಲಿದ್ದಾಗ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ನಡುವೆ ನಿಂತವರ ಬೆಲೆ, ನಡುವೆ ಸಿಕ್ಕಿಕೊಂಡ ಚಿಕ್ಕ ದೇಶಕ್ಕೆ ಗೊತ್ತಿತ್ತು.

ಈಗ ನಮ್ಮಲ್ಲಿ ಅಲಿಪ್ತ ನೀತಿಯ ಬಗ್ಗೆ ಎರಡೇ ಧಾಟಿಯ ಮಾತು ಕೇಳುತ್ತೇವೆ. ಒಂದು, ಅದು ಪುಕ್ಕಲುತನ. ಇನ್ನೊಂದು, ಅದು ನಮ್ಮ ನೈತಿಕ ಮಹೋನ್ನತಿ. ತಿಮ್ಮಯ್ಯನವರ ಪುಸ್ತಕ ಮೊದಲ ಮಾತನ್ನು ಸುಳ್ಳಾಗಿಸುತ್ತದೆ, ಚೋಯ್ ಅವರ ಕಾದಂಬರಿ ಎರಡನೆಯದನ್ನು. ಓದುವವರು ಮೊದಲು ಜನರಲ್ ಅವರದನ್ನು ಓದಿ, ಆಮೇಲೆ ಕಾದಂಬರಿಗೆ ಹೋಗಿ. ಆ ಡೇರೆಗಳನ್ನು ಯಾರು ಕಟ್ಟಿದರು, ಏಕೆ ಕಟ್ಟಿದರು ಎಂಬುದು ತಿಳಿದಿದ್ದರೆ ಮ್ಯೊಂಗ್‌ಜುನ್ ಕೊಡುವ ಉತ್ತರ ಇನ್ನೂ ಭಾರವಾಗಿ ಕೇಳಿಸುತ್ತದೆ.